ಮಾಲೆ ತೆಗೆದ ವಾರಕ್ಕೇ ಮತ್ತೆ ಎಣ್ಣೆ ಯಾಕೆ? ಇಲಿ, ಪಾರಿವಾಳ ಕೊಟ್ಟ ಉತ್ತರ ಇಲ್ಲಿದೆ

ಸಂಕ್ರಾಂತಿ ಮುಗಿಯಿತು. ಮಕರಜ್ಯೋತಿ ನೋಡಿ, ಇರುಮುಡಿ ಇಳಿಸಿ, ಮಾಲೆ ತೆಗೆದವರೆಲ್ಲ ಊರಿಗೆ ವಾಪಸ್ ಬಂದಾಯಿತು. 41 ದಿನ ಬೆಳಗಿನ ಜಾವವೇ ತಣ್ಣೀರು ಸ್ನಾನ, ಕಾಲಿಗೆ ಚಪ್ಪಲಿ ಇಲ್ಲ, ಚಾಪೆ ಮೇಲೆ ಮಲಗೋದು, ಬೀಡಿ ಇಲ್ಲ, ಎಣ್ಣೆಯಂತೂ ಇಲ್ಲವೇ ಇಲ್ಲ. ಮನೆಯಲ್ಲಿ ಹೆಂಡತಿ, ತಾಯಿ "ಈ ಸಲ ಬಿಟ್ಟೇಬಿಟ್ಟ" ಅಂತ ಒಳಗೊಳಗೇ ಲೆಕ್ಕ ಹಾಕಿರುತ್ತಾರೆ. ವಾರ ಕಳೆಯುವಷ್ಟರಲ್ಲಿ ಅದೇ ಮನುಷ್ಯ, ಅದೇ ಬಾರು, ಅದೇ ಮೂಲೆ ಟೇಬಲ್ಲು.

ಎಲ್ಲರೂ ಹೀಗಲ್ಲ. ಮಾಲೆ ಹಾಕಿದ ವರ್ಷದಿಂದ ಪೂರ್ತಿ ಬಿಟ್ಟವರೂ ಊರೂರಲ್ಲಿ ಸಿಗುತ್ತಾರೆ. ಆದರೆ ವಾಪಸ್ ಹೋಗುವವರೇನೂ ಕಡಿಮೆ ಇಲ್ಲ. ಅಂಥವರನ್ನು ನೋಡಿ ಊರು ಕೊಡುವ ತೀರ್ಪು ಒಂದೇ: ನಾಯಿ ಬಾಲ ಡೊಂಕು. ಮನಸ್ಸು ಗಟ್ಟಿ ಇಲ್ಲ, ಮಾನ ಮರ್ಯಾದೆ ಇಲ್ಲ, ದೇವರ ಭಯವೂ ಇಲ್ಲ.

ಆದರೆ ಒಂದು ಪ್ರಶ್ನೆ ಉಳಿಯುತ್ತೆ. ಮನಸ್ಸೇ ಗಟ್ಟಿ ಇಲ್ಲದವನು 41 ದಿನ ಹೇಗೆ ಬಿಟ್ಟಿದ್ದ? 40ನೇ ದಿನ ಇದ್ದ ಮನಸ್ಸು 50ನೇ ದಿನಕ್ಕೆ ಎಲ್ಲಿ ಹೋಯಿತು?

ಇದೇ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಿಕೊಂಡು, ಸುಮಾರು 90 ವರ್ಷಗಳಿಂದ ಉತ್ತರ ಹುಡುಕುತ್ತಿರುವ ಒಂದು ವಿಜ್ಞಾನ ಇದೆ. ಹೆಸರು ಬಿಹೇವಿಯರ್ ಅನಾಲಿಸಿಸ್, ಅಂದ್ರೆ ನಡವಳಿಕೆಯ ವಿಶ್ಲೇಷಣೆ. ಹುಟ್ಟಿ ಬೆಳೆದಿದ್ದು ಹೆಚ್ಚಾಗಿ ಅಮೆರಿಕದ ಯೂನಿವರ್ಸಿಟಿಗಳಲ್ಲಿ. ಮೊದಲು ಉತ್ತರ ಕೊಟ್ಟಿದ್ದು ಮನುಷ್ಯರಲ್ಲ, ಇಲಿ ಮತ್ತು ಪಾರಿವಾಳ.

ಕೆಟ್ಟುಹೋದ ಒಂದು ಮಷೀನು

1930ರ ದಶಕದ ಆರಂಭ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಬಿ.ಎಫ್. ಸ್ಕಿನ್ನರ್ ಎಂಬ ಯುವಕ ಒಂದು ಡಬ್ಬ ಮಾಡಿಕೊಂಡಿದ್ದ. ಒಳಗೆ ಇಲಿ, ಗೋಡೆಯಲ್ಲಿ ಒಂದು ಲಿವರ್. ಇಲಿ ಲಿವರ್ ಒತ್ತಿದರೆ ಮಷೀನಿನಿಂದ ತಿಂಡಿಯ ಗುಳಿಗೆ ಬೀಳುತ್ತೆ. ಒಂದು ದಿನ ಆ ಮಷೀನು ಸಿಕ್ಕಿಹಾಕಿಕೊಂಡಿತು. ಇಲಿ ಒತ್ತುತ್ತಲೇ ಇದೆ, ಗುಳಿಗೆ ಬೀಳುತ್ತಿಲ್ಲ. ಸ್ಕಿನ್ನರ್ ಬಂದು ನೋಡಿದರೆ ಕಾಗದದ ಮೇಲೆ ಹೊಸ ಥರದ ಗೆರೆ ಮೂಡಿತ್ತು. ಒತ್ತುವಿಕೆ ಹೇಗೆ ಏರಿ ಇಳಿದು, ಕೊನೆಗೆ ಹೇಗೆ ನಿಂತುಹೋಯಿತು ಎಂಬುದರ ನಕ್ಷೆ ಅದು. ಅವತ್ತು ಶುಕ್ರವಾರ ಸಂಜೆ, ಹೇಳಿಕೊಳ್ಳೋಕೆ ಲ್ಯಾಬಿನಲ್ಲಿ ಯಾರೂ ಇಲ್ಲ. ತಾನು ಸತ್ತರೆ ಈ ಸಂಗತಿಯೂ ಹೋಗುತ್ತೆ ಅಂತ ಆ ಶನಿವಾರ, ಭಾನುವಾರ ರಸ್ತೆ ದಾಟುವಾಗ ವಿಶೇಷ ಎಚ್ಚರ ವಹಿಸಿದ್ದಾಗಿ ಸ್ಕಿನ್ನರ್ ಆಮೇಲೆ ಬರೆದುಕೊಂಡಿದ್ದಾರೆ.

ಪ್ರತಿಫಲ ನಿಂತರೆ ಕೆಲಸವೂ ನಿಧಾನಕ್ಕೆ ನಿಲ್ಲುತ್ತೆ. ಇದಕ್ಕೆ ಎಕ್ಸ್‌ಟಿಂಕ್ಷನ್ ಅನ್ನುತ್ತಾರೆ, ದೀಪ ನಂದಿದ ಹಾಗೆ. ನಂದುವ ಮುಂಚೆ ಒಂದು ಸಲ ಜೋರಾಗಿ ಉರಿಯೋದೂ ಉಂಟು. ಕರೆಂಟ್ ಹೋದಾಗ ನಾವು ಸ್ವಿಚ್ಚನ್ನು ಪಟಪಟ ನಾಲ್ಕು ಸಲ ಒತ್ತೋದಿಲ್ವಾ, ಹಾಗೆ. ಅಂಗಡಿ ಮುಂದೆ ಚಾಕಲೇಟಿಗೆ ಹಟ ಹಿಡಿದ ಮಗುವಿಗೆ ಅಪ್ಪ ಒಮ್ಮೆ "ಇಲ್ಲ" ಅಂದರೆ ಅಳು ಕಡಿಮೆಯಾಗಲ್ಲ, ಮೊದಲು ದುಪ್ಪಟ್ಟಾಗುತ್ತೆ. ಇದನ್ನು ಅಂಗಡಿಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಮುಖ್ಯ ವಿಷಯ ಮುಂದಿದೆ. ಲಿವರ್ ಒತ್ತುವುದನ್ನೇ ಬಿಟ್ಟ ಇಲಿಯನ್ನು ಪಂಜರಕ್ಕೆ ಕಳಿಸಿ, ಮರುದಿನ ಮತ್ತೆ ಅದೇ ಡಬ್ಬದೊಳಗೆ ಬಿಟ್ಟರೆ? ಮತ್ತೆ ಒತ್ತುತ್ತೆ. ನಾಯಿಗಳ ಮೇಲೆ ಪ್ರಯೋಗ ಮಾಡಿದ ರಷ್ಯಾದ ಪಾವ್ಲೋವ್ ಇಂಥದ್ದನ್ನು ಅದಕ್ಕೂ ಮುಂಚೆಯೇ ಕಂಡಿದ್ದರು. ನಿಂತಿದೆ ಅಂದರೆ ಅಳಿಸಿಹೋಗಿದೆ ಅಂತ ಅರ್ಥ ಅಲ್ಲ. ಹಳೇ ಕಲಿಕೆ ಒಳಗೇ ಇರುತ್ತೆ. ಬೂದಿ ಮುಚ್ಚಿದ ಕೆಂಡ.

ಎರಡು ಗುಂಡಿ, ಮೂರು ಪಾರಿವಾಳ

ಮುಂದಿನ ದೊಡ್ಡ ಹೆಜ್ಜೆ 1961ರಲ್ಲಿ. ಅದೇ ಹಾರ್ವರ್ಡಿನಲ್ಲಿ ರಿಚರ್ಡ್ ಹರ್ನ್‌ಸ್ಟೈನ್ ಪಾರಿವಾಳಗಳ ಮುಂದೆ ಒಂದರ ಬದಲು ಎರಡು ಗುಂಡಿ ಇಟ್ಟರು. ಎಡಗಡೆಯದನ್ನು ಕುಕ್ಕಿದರೂ ಕಾಳು ಸಿಗುತ್ತೆ, ಬಲಗಡೆಯದನ್ನು ಕುಕ್ಕಿದರೂ ಸಿಗುತ್ತೆ. ಯಾವಾಗ ಸಿಗುತ್ತೆ ಅನ್ನೋದು ಗ್ಯಾರಂಟಿ ಇಲ್ಲ. ಒಂದರಲ್ಲಿ ಜಾಸ್ತಿ ಸಲ, ಇನ್ನೊಂದರಲ್ಲಿ ಕಡಿಮೆ ಸಲ.

ಪಾರಿವಾಳ ಏನು ಮಾಡಬಹುದು? ಜಾಸ್ತಿ ಸಿಗುವ ಕಡೆಗೇ ಪೂರ್ತಿ ಹೋಗಬಹುದು ಅಂತ ಅನ್ನಿಸುತ್ತೆ. ಹಾಗಾಗಲಿಲ್ಲ. ಒಟ್ಟು ಕಾಳಿನಲ್ಲಿ ಮೂರನೇ ಎರಡು ಭಾಗ ಎಡಗಡೆ ಸಿಕ್ಕರೆ, ಹೆಚ್ಚುಕಡಿಮೆ ಮೂರನೇ ಎರಡು ಭಾಗದಷ್ಟು ಕುಕ್ಕಿದ್ದೂ ಎಡಗಡೆಗೇ. ಪಾಲು ಬದಲಾಯಿಸಿದರೆ ಕುಕ್ಕುವ ಲೆಕ್ಕವೂ ಬದಲಾಯಿತು. ಇದಕ್ಕೆ ಮ್ಯಾಚಿಂಗ್ ಲಾ, ಅಂದ್ರೆ ಸರಿಹೊಂದುವ ನಿಯಮ ಅಂತ ಹೆಸರು. ಪ್ರಯೋಗದಲ್ಲಿ ಇದ್ದದ್ದು ಮೂರೇ ಪಾರಿವಾಳ. ಆಮೇಲೆ ಬೇರೆ ಪ್ರಾಣಿಗಳಲ್ಲೂ, ಮನುಷ್ಯರಲ್ಲೂ ಈ ನಿಯಮವನ್ನು ಎಷ್ಟೋ ಸಲ ಪರೀಕ್ಷೆ ಮಾಡಿದ್ದಾರೆ. ಲೆಕ್ಕ ಪ್ರತಿ ಸಲ ಇಷ್ಟು ಅಚ್ಚುಕಟ್ಟಾಗಿ ಕೂರದಿದ್ದರೂ ದಿಕ್ಕು ಇದೇ.

ಬಸ್ ಸ್ಟ್ಯಾಂಡ್ ಹತ್ತಿರ ಎರಡು ಟೀ ಅಂಗಡಿ ಇದೆ ಅಂತ ಇಟ್ಟುಕೊಳ್ಳಿ. ಒಂದರಲ್ಲಿ ವಾರಕ್ಕೆ ನಾಲ್ಕು ದಿನ ಬಿಸಿ ಮಿರ್ಚಿ ಸಿಗುತ್ತೆ, ಇನ್ನೊಂದರಲ್ಲಿ ಎರಡು ದಿನ. ಯಾವ ದಿನ ಅಂತ ಗೊತ್ತಿಲ್ಲ. ಗಿರಾಕಿ ಒಂದನ್ನೇ ಹಿಡಿದು ಕೂರಲ್ಲ, ಎರಡೂ ಕಡೆ ಓಡಾಡುತ್ತಾನೆ. ಆದರೆ ಓಡಾಟದ ಲೆಕ್ಕ ಮಿರ್ಚಿಯ ಲೆಕ್ಕದ ಹಿಂದೆ ಹೋಗುತ್ತೆ.

ಚಟದ ವಿಷಯಕ್ಕೆ ಇದು ಯಾಕೆ ಮುಖ್ಯ? ಹರ್ನ್‌ಸ್ಟೈನ್ ಲೆಕ್ಕದ ಪ್ರಕಾರ ಒಂದು ನಡವಳಿಕೆ ಎಷ್ಟು ಗಟ್ಟಿ ಅನ್ನೋದು ಅದೊಂದರಿಂದಲೇ ತೀರ್ಮಾನ ಆಗಲ್ಲ. ಅದರ ಪಕ್ಕದಲ್ಲಿ ಬೇರೆ ಏನೇನು ಸಿಗುತ್ತಿದೆ ಅನ್ನೋದರ ಮೇಲೂ ನಿಂತಿರುತ್ತೆ. ತಕ್ಕಡಿಯ ಹಾಗೆ. ಒಂದು ತಟ್ಟೆಯಲ್ಲಿ ಕ್ವಾರ್ಟರ್ ಬಾಟಲಿ ಇದೆ. ಅದರ ತೂಕ ಬದಲಾಗದೆಯೇ ಅದು ಮೇಲೇಳಬಹುದು ಅಥವಾ ಕೆಳಗಿಳಿಯಬಹುದು. ಎದುರು ತಟ್ಟೆಗೆ ಏನು ಹಾಕಿದ್ದೀರಿ, ಅದರಿಂದ ಏನು ತೆಗೆದಿರಿ ಅನ್ನೋದೇ ಪ್ರಶ್ನೆ.

ಎರಡನೇ ಲಿವರ್ ನಿಂತಾಗ

1970ರಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದ ಹೆರಾಲ್ಡ್ ಲೈಟನ್‌ಬರ್ಗ್ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ವರ್ಮಾಂಟ್ ಅಂದ್ರೆ ಅಮೆರಿಕದ ಈಶಾನ್ಯ ಮೂಲೆಯ, ಕೆನಡಾ ಗಡಿಗೆ ಅಂಟಿಕೊಂಡ ಸಣ್ಣ ರಾಜ್ಯ. ಇಲಿಗೆ ಮೊದಲ ಲಿವರ್ ಒತ್ತಿದರೆ ತಿಂಡಿ ಅಂತ ಕಲಿಸಿದರು. ಆಮೇಲೆ ಆ ಲಿವರಿಗೆ ತಿಂಡಿ ಬಂದ್. ಬದಲಿಗೆ ಎರಡನೇ ಲಿವರಿಗೆ ತಿಂಡಿ ಶುರು. ಇಲಿ ಹಳೇ ಲಿವರನ್ನು ಬೇಗನೆ ಬಿಟ್ಟು ಹೊಸದಕ್ಕೆ ಹೋಯಿತು. ನೋಡಿದವರಿಗೆ ಹಳೇ ಚಟ ಬಿಟ್ಟುಹೋದ ಹಾಗೆಯೇ.

ನಂತರ ಎರಡನೇ ಲಿವರಿಗೂ ತಿಂಡಿ ನಿಲ್ಲಿಸಿದರು. ಇಲಿ ವಾಪಸ್ ಮೊದಲ ಲಿವರಿಗೆ ಹೋಗಿ ಒತ್ತಲು ಶುರು ಮಾಡಿತು. ಅಲ್ಲಿ ಏನೂ ಸಿಗಲ್ಲ, ಆದರೂ. ಇದಕ್ಕೆ ಆಮೇಲೆ ಬಂದ ಹೆಸರು ರಿಸರ್ಜೆನ್ಸ್, ಹಳೆಯದು ಮತ್ತೆ ತಲೆ ಎತ್ತುವುದು.

2017ರಲ್ಲಿ ಯೂಟಾ ಸ್ಟೇಟ್ ಯೂನಿವರ್ಸಿಟಿಯ ಟಿಮತಿ ಶಹಾನ್ ಮತ್ತು ಆಂಡ್ರ್ಯೂ ಕ್ರೇಗ್ ಇದನ್ನು ಹರ್ನ್‌ಸ್ಟೈನ್ ಲೆಕ್ಕಕ್ಕೆ ಜೋಡಿಸಿದರು. ಅವರ ವಾದ ಹೀಗೆ: ಮರುಕಳಿಸೋದೂ ಒಂದು ಆಯ್ಕೆಯೇ. ಪ್ರಾಣಿ ತನ್ನ ಎದುರಿನ ಎರಡೂ ದಾರಿಗಳಿಗೆ ಹಿಂದಿನ ಅನುಭವದ ಮೇಲೆ ಬೆಲೆ ಕಟ್ಟಿಕೊಂಡಿರುತ್ತೆ. ಹೊಸ ಅನುಭವಕ್ಕೆ ಹೆಚ್ಚು ತೂಕ, ಹಳೆಯದಕ್ಕೆ ಕಡಿಮೆ ತೂಕ, ಆದರೆ ಹಳೆಯದರ ತೂಕ ಸೊನ್ನೆ ಆಗೋದಿಲ್ಲ. ಹೊಸ ದಾರಿ ಕೊಡುವುದನ್ನು ನಿಲ್ಲಿಸಿದರೆ ಅದರ ಬೆಲೆ ಬೀಳುತ್ತೆ. ಹಳೆಯದು ಏನೂ ಮಾಡದೇ ಮೇಲಕ್ಕೆ ಬರುತ್ತೆ.

ಮಾಲೆ ಹಾಕಿದ 41 ದಿನವನ್ನು ಈ ಕಣ್ಣಿನಿಂದ ನೋಡಿ. ಯಾರೂ ಅಮೆರಿಕದಲ್ಲಿ ಮಾಲೆಧಾರಿಗಳ ಮೇಲೆ ಸಂಶೋಧನೆ ಮಾಡಿದ್ದಲ್ಲ, ಇದು ಹೋಲಿಕೆ ಮಾತ್ರ. ಆದರೆ ಎಷ್ಟು ಸರಿಯಾಗಿ ಕೂರುತ್ತೆ ಗಮನಿಸಿ. ಮಾಲೆ ಬಿದ್ದ ದಿನದಿಂದ ಅವನ ಹೆಸರೇ ಬದಲು. ಹಾಲಿನವನು "ಸ್ವಾಮಿ" ಅಂತಾನೆ, ಬಸ್ ಕಂಡಕ್ಟರ್ "ಸ್ವಾಮಿ ಮುಂದೆ ಬನ್ನಿ" ಅಂತಾನೆ, ನಿನ್ನೆವರೆಗೂ ಬೈದು ಕಳಿಸುತ್ತಿದ್ದ ಸಾಲ ಕೊಟ್ಟವನೂ ಸ್ವಾಮಿ ಅಂತಲೇ ಮಾತಾಡಿಸುತ್ತಾನೆ. ಸಂಜೆ ಆದರೆ ಹೋಗಲು ಒಂದು ಜಾಗ ಇದೆ, ಭಜನೆ ಇದೆ, ಪಡಿಪೂಜೆ ಇದೆ, ಪ್ರಸಾದ ಇದೆ, ಜೊತೆಗೆ ಕೂರಲು ಹತ್ತು ಜನ ಇದ್ದಾರೆ. ಸಂಜೆ ಆರರಿಂದ ಒಂಬತ್ತು, ಅಂದ್ರೆ ಬಾರಿನ ಹೊತ್ತು, ಪೂರ್ತಿ ತುಂಬಿಹೋಗಿದೆ. ತಕ್ಕಡಿಯ ಎದುರು ತಟ್ಟೆ ಅಷ್ಟು ಭಾರ.

ಮಾಲೆ ತೆಗೆದ ಮರುದಿನ ಇದೆಲ್ಲ ಒಂದೇ ಸಲಕ್ಕೆ ನಿಲ್ಲುತ್ತೆ. ಸ್ವಾಮಿ ಮತ್ತೆ "ಏಯ್ ಮಂಜ" ಆಗುತ್ತಾನೆ. ಭಜನೆ ಇಲ್ಲ, ಗುಂಪು ಚದುರಿದೆ, ಸಂಜೆ ಖಾಲಿ. ವ್ರತ ಸೋತಿತು ಅಂತ ಇದರ ಅರ್ಥ ಅಲ್ಲ. ವ್ರತ ಕೆಲಸ ಮಾಡುತ್ತಿತ್ತು. ಅದು ಕೊಡುತ್ತಿದ್ದದ್ದು ಒಂದೇ ದಿನಕ್ಕೆ ನಿಂತುಹೋಯಿತು, ಆ ಜಾಗಕ್ಕೆ ಬೇರೆ ಏನೂ ಬರಲಿಲ್ಲ.

ಇಲಿಗಳ ಪ್ರಯೋಗದಲ್ಲಿ ಇನ್ನೊಂದು ಕಹಿ ಸಂಗತಿಯೂ ಕಂಡಿದೆ. ಬದಲಿ ಪ್ರತಿಫಲ ಎಷ್ಟು ಧಾರಾಳವೋ ಹಳೇ ನಡವಳಿಕೆ ಅಷ್ಟು ಚೆನ್ನಾಗಿ ಅಡಗುತ್ತೆ. ಆದರೆ ಆ ಧಾರಾಳ ಥಟ್ಟನೆ ನಿಂತರೆ ಹಳೆಯದು ಅಷ್ಟೇ ಜೋರಾಗಿ ವಾಪಸ್ ಬರುತ್ತೆ. ನಿಧಾನಕ್ಕೆ ಇಳಿಸಿದರೆ ಹೊಡೆತ ಕಡಿಮೆ, ಪೂರ್ತಿ ತಪ್ಪಲ್ಲ.

ಅಂಗಡಿಯವರು ಇದನ್ನು ಆಫರ್ ದಿನಗಳಲ್ಲಿ ನೋಡಿರುತ್ತಾರೆ. ಹಬ್ಬಕ್ಕೆ ಭಾರಿ ಡಿಸ್ಕೌಂಟ್ ಕೊಟ್ಟಾಗ ಎದುರು ಅಂಗಡಿಯ ಗಿರಾಕಿ ಎಲ್ಲ ಈ ಕಡೆ. ಆಫರ್ ಬೋರ್ಡ್ ಇಳಿಸಿದ ವಾರಕ್ಕೆ ಎಲ್ಲ ಆ ಕಡೆ. ಗಿರಾಕಿಗೆ ನಿಯತ್ತಿಲ್ಲ ಅಂತ ಬೈದರೆ ಪ್ರಯೋಜನ ಇಲ್ಲ.

ಶಿಬಿರದಲ್ಲಿ ಬಿಟ್ಟವನು ಬೀದಿಯಲ್ಲಿ ಹಿಡಿಯೋದು ಯಾಕೆ?

ಅದೇ ವರ್ಮಾಂಟಿನ ಇನ್ನೊಬ್ಬ ಪ್ರೊಫೆಸರ್ ಮಾರ್ಕ್ ಬೌಟನ್ ದಶಕಗಟ್ಟಲೆ ಕೆಲಸ ಮಾಡಿದ್ದು ಜಾಗದ ಮೇಲೆ. ಅವರ ಲ್ಯಾಬಿನ ಡಬ್ಬಗಳು ಒಂದರ ಹಾಗೆ ಇನ್ನೊಂದಿಲ್ಲ. ವಾಸನೆ ಬೇರೆ, ನೆಲ ಬೇರೆ, ಗೋಡೆ ಬೇರೆ. ಮೊದಲ ಡಬ್ಬದಲ್ಲಿ ಇಲಿ ಲಿವರ್ ಒತ್ತಲು ಕಲಿಯುತ್ತೆ. ಎರಡನೇ ಡಬ್ಬದಲ್ಲಿ ಪ್ರತಿಫಲ ಇಲ್ಲದೆ ಪೂರ್ತಿ ಬಿಡುತ್ತೆ. ವಾಪಸ್ ಮೊದಲ ಡಬ್ಬಕ್ಕೆ ತಂದು ಬಿಟ್ಟರೆ? ಒತ್ತಲು ಶುರು.

ಬೌಟನ್ ಹೇಳೋದು ಹೀಗೆ: ಬಿಡುವುದು ಅಂದ್ರೆ ಹಳೆಯದನ್ನು ಮರೆಯುವುದಲ್ಲ, "ಇಲ್ಲಿ ಸಿಗಲ್ಲ" ಅನ್ನುವ ಹೊಸ ಪಾಠ ಕಲಿಯುವುದು. ಆ ಹೊಸ ಪಾಠ ಕಲಿತ ಜಾಗಕ್ಕೇ ಅಂಟಿಕೊಳ್ಳುತ್ತೆ. ಹಳೇ ಪಾಠ ಮಾತ್ರ ಎಲ್ಲ ಕಡೆಗೂ ಬರುತ್ತೆ.

ಮದ್ಯವರ್ಜನ ಶಿಬಿರದಲ್ಲಿ ವಾರಗಟ್ಟಲೆ ಹಾಡು, ಯೋಗ, ಭಾಷಣ ಕೇಳಿ ಚೆನ್ನಾಗಿಯೇ ಇದ್ದವನು ಊರಿನ ಸರ್ಕಲ್ಲಿಗೆ ಬಂದು ಇಳಿದ ಕೂಡಲೇ ಒಳಗೆ ಏನೋ ಎಳೆದ ಹಾಗೆ ಆಗುತ್ತೆ ಅಂತ ಹೇಳಿದರೆ ಅವನು ನಾಟಕ ಆಡುತ್ತಿಲ್ಲ. ಕಬಾಬ್ ಗಾಡಿಯ ವಾಸನೆ, ಆ ಹೊತ್ತಿನ ಬೆಳಕು, ಹಳೇ ಸ್ನೇಹಿತನ ಬೈಕಿನ ಸದ್ದು, ಎಲ್ಲ ಸೇರಿ ಮೊದಲ ಡಬ್ಬ.

ಇದು ಮನುಷ್ಯರಲ್ಲೂ ನಿಜವೇ ಅನ್ನುವವರಿಗೆ ದೊಡ್ಡ ಉದಾಹರಣೆ ವಿಯೆಟ್ನಾಂ ಯುದ್ಧ. ಅಲ್ಲಿದ್ದ ಅಮೆರಿಕನ್ ಸೈನಿಕರಿಗೆ ಹೆರಾಯಿನ್ ಅಗ್ಗವಾಗಿ, ಸುಲಭವಾಗಿ ಸಿಗುತ್ತಿತ್ತು. 1971ರ ಸೆಪ್ಟೆಂಬರಿನಲ್ಲಿ ಊರಿಗೆ ಹೊರಟ ಸೈನಿಕರನ್ನು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿಯ ಲೀ ರಾಬಿನ್ಸ್ ಹಿಂಬಾಲಿಸಿ ಅಧ್ಯಯನ ಮಾಡಿದರು. ಐವರಲ್ಲಿ ಒಬ್ಬರಷ್ಟು ಮಂದಿ ಅಲ್ಲಿ ಚಟಕ್ಕೆ ಬಿದ್ದಿದ್ದೆವು ಅಂದರು. ಹೀಗೆ ಚಟ ಹತ್ತಿದವರಲ್ಲಿ ಊರಿಗೆ ಬಂದ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು ಶೇ 5ರಷ್ಟು ಮಾತ್ರ. ಆಗಿನ ಕಾಲದ ಡಾಕ್ಟರುಗಳೇ ನಂಬಲು ಕಷ್ಟಪಟ್ಟ ಅಂಕಿ ಇದು. ಇದಕ್ಕೆ ಜಾಗ ಬದಲಾದದ್ದು ಒಂದೇ ಕಾರಣ ಅಲ್ಲ. ಯುದ್ಧದ ಭಯ ಇಲ್ಲ, ಮನೆ ಇದೆ, ಕೆಲಸ ಇದೆ, ಹೆರಾಯಿನ್ ಅಷ್ಟು ಸಲೀಸಾಗಿ ಸಿಗಲ್ಲ. ಆದರೆ ನಮ್ಮ ಕಡೆಯ ಶಿಬಿರದ ಕಥೆಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಸೈನಿಕ ಚಟ ಕಲಿತ ಜಾಗ ಬಿಟ್ಟು ಮನೆಗೆ ಬಂದ. ಶಿಬಿರದವನು ಚಟ ಕಲಿತ ಜಾಗಕ್ಕೇ ಮನೆಗೆ ಬರುತ್ತಾನೆ.

ಬೆಳಗ್ಗೆಯ ಮಾತು, ಸಂಜೆಯ ಕೈ

ಕುಡಿಯುವವನ ಬೆಳಗಿನ ಆಣೆ ಎಲ್ಲರಿಗೂ ಗೊತ್ತು. "ಇವತ್ತಿಂದ ಮುಟ್ಟಲ್ಲ, ಮಗಳ ಮೇಲಾಣೆ." ಸಂಜೆಗೆ ಬಾಯಿ ವಾಸನೆ. ಸುಳ್ಳುಗಾರ ಅನ್ನಿಸುತ್ತೆ.

1972ರಲ್ಲಿ ಹೊವರ್ಡ್ ರಾಕ್ಲಿನ್ ಮತ್ತು ಲಿಯೊನಾರ್ಡ್ ಗ್ರೀನ್ ಪಾರಿವಾಳಗಳಿಗೆ ಎರಡು ಆಯ್ಕೆ ಕೊಟ್ಟರು. ಈಗಲೇ 2 ಸೆಕೆಂಡ್ ಕಾಳು ತಿನ್ನಬಹುದು, ಇಲ್ಲವೇ 4 ಸೆಕೆಂಡ್ ಕಾದು 4 ಸೆಕೆಂಡ್ ತಿನ್ನಬಹುದು. ಪಾರಿವಾಳಗಳು ಕಾಯಲಿಲ್ಲ, ಸಣ್ಣದಕ್ಕೇ ಬಿದ್ದವು. ಆದರೆ ಆ ಆಯ್ಕೆ ಬರುವ ಸ್ವಲ್ಪ ಮುಂಚೆಯೇ, ಎರಡೂ ದೂರ ಇರುವಾಗ, "ಸಣ್ಣದು ನನ್ನ ಕಣ್ಣಿಗೇ ಬೀಳದಂತೆ ಮಾಡು" ಅನ್ನುವಂಥ ಗುಂಡಿಯೊಂದನ್ನು ಕೊಟ್ಟರೆ ಅದನ್ನೇ ಕುಕ್ಕುತ್ತಿದ್ದವು.

ಪಾರಿವಾಳ ಸುಳ್ಳು ಹೇಳಲ್ಲ. ದೂರದಿಂದ ನೋಡುವಾಗ ದೊಡ್ಡದು ದೊಡ್ಡದಾಗಿಯೇ ಕಾಣುತ್ತೆ, ಹತ್ತಿರ ಬಂದಾಗ ಸಣ್ಣದು ಕಣ್ಣಿಗೆ ಅಡ್ಡ ನಿಲ್ಲುತ್ತೆ. ಬೆಳಗ್ಗೆ ಆಣೆ ಹಾಕಿದವನು ಬೆಳಗ್ಗೆಯ ಮಟ್ಟಿಗೆ ನಿಜವನ್ನೇ ಹೇಳಿರುತ್ತಾನೆ. ಹಾಗಾಗಿ ಬೆಳಗಿನ ಹೊತ್ತಲ್ಲೇ ಸಂಜೆಯ ದಾರಿಗೆ ಬೇಲಿ ಹಾಕಬೇಕು: ಕೂಲಿ ದುಡ್ಡು ನೇರ ಹೆಂಡತಿಯ ಖಾತೆಗೆ ಹೋಗೋ ಹಾಗೆ ಮಾಡೋದು, ಬಾರಿನವರಿಗೂ ಅಂಗಡಿಯವರಿಗೂ ಉದ್ರಿ ಕೊಡಬೇಡಿ ಅಂತ ತಾನೇ ಹೇಳಿ ಬರೋದು, ಮನೆಗೆ ಬೇರೆ ರಸ್ತೆ ಹಿಡಿಯೋದು. ಮಾಲೆ ಮತ್ತು ಕಪ್ಪು ಬಟ್ಟೆ ಮಾಡೋದೂ ಇದನ್ನೇ. ಅದನ್ನು ಹಾಕಿಕೊಂಡು ಬಾರಿಗೆ ಹೋದರೆ ಕೌಂಟರಿನಲ್ಲಿ ಕೂತವನೇ ಎದ್ದು ಕೈ ಮುಗಿದು ಹೊರಗೆ ಕಳಿಸುತ್ತಾನೆ.

ಬಾರನ್ನೇ ಕ್ಲಬ್ ಮಾಡಿದರು

ಹಾಗಾದರೆ ಮಾಡೋದೇನು? 1973ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಜಾರ್ಜ್ ಹಂಟ್ ಮತ್ತು ನೇಥನ್ ಆಜ್ರಿನ್ ಮಾಡಿದ ಕೆಲಸ ಈ ಎಲ್ಲ ಸಂಶೋಧನೆಗಳ ಪೈಕಿ ನಮ್ಮ ತಾಲ್ಲೂಕಿನವರಿಗೆ ಅತಿ ಹತ್ತಿರದ್ದು. ವಿಪರೀತ ಕುಡಿತಕ್ಕಾಗಿ ಆಸ್ಪತ್ರೆ ಸೇರಿದ್ದ 16 ಜನರನ್ನು ಎಂಟೆಂಟರ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆಗೆ ಕೆಲಸ ಹುಡುಕಿ ಕೊಡುವುದು, ಗಂಡ ಹೆಂಡತಿಯನ್ನು ಕೂರಿಸಿ ಮಾತಾಡಿಸುವುದು, ಕುಡಿಯದ ಸ್ನೇಹಿತರನ್ನು ಜೊತೆ ಮಾಡುವುದು. ಹಳೇ ಬಾರೊಂದನ್ನೇ ಹಿಡಿದು ಕ್ಲಬ್ ಮಾಡಿದರು. ಇಸ್ಪೀಟು, ಹಾಡು, ಡ್ಯಾನ್ಸು, ಸಿನಿಮಾ ಎಲ್ಲ ಉಂಟು, ಎಣ್ಣೆ ಮಾತ್ರ ಇಲ್ಲ. ಕುಡಿದು ಬಂದರೆ ಬಾಗಿಲಿನಿಂದಲೇ ವಾಪಸ್.

ಆಸ್ಪತ್ರೆ ಬಿಟ್ಟ ಮೇಲಿನ ಆರು ತಿಂಗಳಲ್ಲಿ ಮಾಮೂಲಿ ಚಿಕಿತ್ಸೆಯವರು ಶೇ 79ರಷ್ಟು ದಿನ ಕುಡಿದಿದ್ದರು. ಈ ಗುಂಪಿನವರು ಶೇ 14ರಷ್ಟು ದಿನ. ಸಣ್ಣ ಪ್ರಯೋಗವೇ, ಆದರೆ ವ್ಯತ್ಯಾಸ ಸಣ್ಣದಲ್ಲ. ಎಣ್ಣೆ ಕೆಟ್ಟದ್ದು ಅನ್ನೋದು ಈ ಜನಕ್ಕೆ ಮೊದಲೇ ಗೊತ್ತಿತ್ತು. ಕೊಟ್ಟಿದ್ದು ಖಾಲಿ ಸಂಜೆಗೆ ಒಂದು ಜಾಗ.

1994ರಲ್ಲಿ ವರ್ಮಾಂಟಿನವರೇ ಆದ ಸ್ಟೀಫನ್ ಹಿಗ್ಗಿನ್ಸ್ ಇನ್ನೂ ನೇರವಾದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕೊಕೇನ್ ಚಟದವರಿಗೆ, ಮೂತ್ರ ಪರೀಕ್ಷೆಯಲ್ಲಿ ಪಾಸಾದರೆ ಕೂಪನ್. ಶುರುವಿಗೆ ಎರಡೂವರೆ ಡಾಲರ್, ಸತತ ಪಾಸಾದಂತೆ ಏರುತ್ತಾ ಹೋಗುತ್ತೆ. ಒಮ್ಮೆ ಫೇಲಾದರೆ ಮತ್ತೆ ಎರಡೂವರೆಯಿಂದ. ನಗದು ಕೊಡಲ್ಲ, ಕೂಪನ್ ಲೆಕ್ಕಕ್ಕೆ ಬೇಕಾದ ಸಾಮಾನು ತಂದುಕೊಡುತ್ತಾರೆ. ಕೂಪನ್ ಇದ್ದ ಗುಂಪಿನಲ್ಲಿ ಶೇ 75 ಜನ 24 ವಾರದ ಚಿಕಿತ್ಸೆ ಮುಗಿಸಿದರು, ಇಲ್ಲದ ಗುಂಪಿನಲ್ಲಿ ಶೇ 40. "ಕುಡೀದೇ ಇರೋಕೂ ದುಡ್ಡು ಕೊಡಬೇಕಾ" ಅಂತ ಸಿಟ್ಟು ಬರೋದು ಸಹಜ, ಅಮೆರಿಕದಲ್ಲೂ ಬಂದಿದೆ. ಕೂಪನ್ ನಿಂತ ಮೇಲೆ ಒಂದಿಷ್ಟು ಜನ ಹಳೇ ದಾರಿಗೆ ಹೋಗುತ್ತಾರೆ ಅನ್ನೋದೂ ನಿಜ, ಎರಡನೇ ಲಿವರಿನ ಕಥೆ ಮತ್ತೆ. ಅದಕ್ಕೇ ಹಿಗ್ಗಿನ್ಸ್ ಗುಂಪು ಕೂಪನ್ ಇರುವಾಗಲೇ ಕೆಲಸ, ಸಂಸಾರ, ಹವ್ಯಾಸ ಸರಿಮಾಡುವ ಕೆಲಸವನ್ನೂ ಜೊತೆಗೆ ನಡೆಸಿತು.

ಒಂದು ಗ್ಲಾಸು ಮತ್ತು "ಹೇಗೂ ಹೋಯ್ತಲ್ಲ"

ಬಿಟ್ಟವನು ಯಾವಾಗ ಜಾರುತ್ತಾನೆ? 1971ರಲ್ಲಿ ಹಂಟ್, ಬಾರ್ನೆಟ್, ಬ್ರಾಂಚ್ ಎಂಬ ಸಂಶೋಧಕರು ಹೆರಾಯಿನ್, ಸಿಗರೇಟ್, ಮದ್ಯ ಮೂರರ ಲೆಕ್ಕವನ್ನೂ ಒಂದೇ ನಕ್ಷೆಯಲ್ಲಿ ಹಾಕಿ ತೋರಿಸಿದರು. ಮೂರು ಗೆರೆಗಳೂ ಬಹುತೇಕ ಒಂದೇ ಥರ. ವಾಪಸ್ ಹೋದವರಲ್ಲಿ ಹೆಚ್ಚಿನವರು ಹೋಗಿದ್ದು ಮೊದಲ ಮೂರು ತಿಂಗಳಲ್ಲೇ. ಆಮೇಲೆ ಗೆರೆ ಸಮತಟ್ಟಾಗುತ್ತಾ ಬರುತ್ತೆ. ಸಂಕ್ರಾಂತಿಗೆ ಮಾಲೆ ತೆಗೆದವನಿಗೆ ಈ ಮೂರು ತಿಂಗಳು ಅಂದ್ರೆ ಹೆಚ್ಚುಕಡಿಮೆ ಯುಗಾದಿವರೆಗೆ. ಇಸ್ಪೀಟು, ಬಾಡೂಟ, ಬಾಟಲಿ ಎಲ್ಲ ಒಟ್ಟಿಗೇ ಬರುವ ವರ್ಷತೊಡಕು ಸರಿಯಾಗಿ ಈ ಗಡುವಿನೊಳಗೇ ಬಂದು ಕೂತಿದೆ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಲನ್ ಮಾರ್ಲಟ್ ಇಲ್ಲಿ ಒಂದು ವ್ಯತ್ಯಾಸ ಮಾಡಿದರು. ಜಾರುವುದು ಬೇರೆ, ಬೀಳುವುದು ಬೇರೆ. ಒಂದು ಗ್ಲಾಸು ಕುಡಿದವನು ಹಾಳಾಗುವುದು ಆ ಒಂದು ಗ್ಲಾಸಿನಿಂದಲ್ಲ, ಅದರ ನಂತರ ಬರುವ "ಹೇಗೂ ವ್ರತ ಕೆಟ್ಟಿತು, ಹೇಗೂ ಮಾನ ಹೋಯ್ತು, ಇನ್ನು ಬಿಟ್ಟೇನು ಪ್ರಯೋಜನ" ಅನ್ನೋ ಯೋಚನೆಯಿಂದ. ಆ ಹೊತ್ತಿನಲ್ಲಿ ಮನೆಯವರೂ ಊರವರೂ "ಗೊತ್ತಿತ್ತು ಬಿಡು" ಅಂದರೆ ಆ ಯೋಚನೆಗೆ ಮೊಹರು ಒತ್ತಿದ ಹಾಗೆ. ಹಿಗ್ಗಿನ್ಸ್ ಕೂಪನ್ನಿನಲ್ಲೂ ಇದಕ್ಕೆ ಒಂದು ಬಾಗಿಲು ಇತ್ತು: ಫೇಲಾಗಿ ಎರಡೂವರೆ ಡಾಲರಿಗೆ ಇಳಿದವನು ಸತತ ಐದು ಸಲ ಪಾಸಾದರೆ ಮತ್ತೆ ಹಳೇ ಮಟ್ಟಕ್ಕೆ ಏರಬಹುದಿತ್ತು. ತಪ್ಪಿಗೆ ದಂಡ ಇದೆ, ವಾಪಸ್ ಬರೋಕೆ ದಾರಿಯೂ ಇದೆ.

ಇಲಿಯ ಲೆಕ್ಕ ಮನುಷ್ಯನಿಗೆ ಪೂರ್ತಿ ಸಾಲಲ್ಲ. ಇಲಿಗೆ ಸಂಘದ ಸಾಲದ ಕಂತಿಲ್ಲ, ಮಗಳ ಮದುವೆ ಚಿಂತೆ ಇಲ್ಲ, ಸತ್ತ ತಮ್ಮನ ನೆನಪಿಲ್ಲ. ಬೆನ್ನು ಮುರಿಯುವ ಕೆಲಸ ಮಾಡಿ ಮೈನೋವಿಗೆ ಕುಡಿಯುವವನ ತಕ್ಕಡಿಯಲ್ಲಿ ಇನ್ನೂ ಏನೇನೋ ಇರುತ್ತೆ.

ಎರಡು ಎಚ್ಚರಿಕೆ ಮಾತ್ರ ಎಲ್ಲರೂ ತಿಳಿದಿರಬೇಕು. ಮೊದಲನೆಯದು, ದಿನಾ ವಿಪರೀತ ಕುಡಿಯುವವರು ಡಾಕ್ಟರನ್ನು ಕೇಳದೆ ಒಮ್ಮೆಗೇ ನಿಲ್ಲಿಸುವುದು ಅಪಾಯ. ಕೈ ನಡುಕ, ಬೆವರು, ನಿದ್ದೆ ಇಲ್ಲದಿರುವುದು ಶುರುವಾಗಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಜೀವಕ್ಕೂ ಕುತ್ತಾಗಬಹುದು. ವ್ರತಕ್ಕೆ ಮುಂಚೆಯೂ, ಶಿಬಿರಕ್ಕೆ ಮುಂಚೆಯೂ ಇದು ನೆನಪಿರಲಿ. ಎರಡನೆಯದು, ಬಹಳ ದಿನ ಬಿಟ್ಟವರ ಮೈಗೆ ಹಳೇ ಪ್ರಮಾಣ ತಡೆಯುವ ಶಕ್ತಿ ಇರಲ್ಲ. ಜಾರಿದ ದಿನ "ಮೊದಲು ಕುಡೀತಿದ್ದಷ್ಟೇ" ಅಂತ ಕುಡಿದರೆ ಅದೇ ಪ್ರಮಾಣ ವಿಷವಾಗಬಹುದು.

ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯದ ಹೊರರೋಗಿ ಸೇವೆ ನಡೆಯುತ್ತೆ, ಹೋಗುವ ಮುಂಚೆ ನಿಮ್ಮ ಆಸ್ಪತ್ರೆಯಲ್ಲಿ ದಿನ, ಸಮಯ ವಿಚಾರಿಸಿಕೊಳ್ಳಿ. ದೊಡ್ಡ ಮಟ್ಟದ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ಫೋನಿನಲ್ಲಿ ಮಾತಾಡಬೇಕಾದರೆ ಟೆಲಿ ಮಾನಸ್ ಸಹಾಯವಾಣಿ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕುಡಿಯುವವರೇ ಮಾಡಬೇಕೆಂದಿಲ್ಲ, ಮನೆಯವರೂ ಫೋನ್ ಮಾಡಬಹುದು.